ವೆಂಡೆಲಿನ್‌ನ ಗೇರಿನ ಕೋಲು

ಬಾಲ್ಜರನಿಗೆ ವಯಸ್ಸಾಯಿತು, ಅಷ್ಟೇ. ಎಂಬತ್ತರ ಹತ್ತಿರ ಬಂದವನು ಯಾರು ಯಾವಾಗ ಏನು ಕೇಳಿದರೆಂದು ನೆನಪಿಟ್ಟುಕೊಂಡಿರುವುದುಂಟೇ? ಯಾರದೋ ಮಾತನ್ನು ತಂದು ಇನ್ಯಾರದೋ ತಲೆಗೆ ಕಟ್ಟುತ್ತಿದ್ದಾನೆ. ಆದರೆ ಈ ಗುಜರಿ ಅಂಗಳದ ಹುಲ್ಲಿನಲ್ಲಿ ಸಾಲುಸಾಲಾಗಿ ನಿಂತ ಗಾಡಿಗಳಲ್ಲಿ ಯಾವುದರ ಯಾವ ಬಾಗಿಲಿನ ಹಿಡಿಕೆ ಯಾರ ಮನೆಗೆ ಹೋಯಿತು ಎಂದು ಕೂತಲ್ಲೇ ಹೇಳುವವನೂ ಇದೇ ಬಾಲ್ಜರ್ ಅಲ್ಲವೇ? ತಪ್ಪಿರಬಹುದು. ತಪ್ಪದೆಯೂ ಇರಬಹುದು. ತಪ್ಪಿಲ್ಲ ಎಂದಾದರೆ, ಅಣ್ಣ ವೆಂಡೆಲಿನ್ ಯಾಕೆ ಗೇರಿನ ಕೋಲು ಹುಡುಕುತ್ತಿದ್ದ? ಅವನ ಟ್ರಕ್ಕಿನದು ಸರಿಯಾಗಿಯೇ ಇತ್ತಲ್ಲ?

"ಇನ್ನೊಂದ್ಸಲ ಹೇಳು ಬಾಲ್ಜರ್," ಅಂದ ಆಂಬ್ರೋಸ್.

"ಕಿವಿ ಮಂದವೇನೋ ನಿಂಗೆ? ನಿಮ್ಮಣ್ಣನೂ ಇದನ್ನೇ ಹುಡುಕ್ಕೊಂಡು ಬಂದಿದ್ದ ಅಂದೆ. ನೀನು ನಿಂತಿದೀಯಲ್ಲ, ಅಲ್ಲೇ ನಿಂತಿದ್ದ, ಕೆನ್ನೆ ತುಂಬ ಹೊಗೆಸೊಪ್ಪು ಇಟ್ಕೊಂಡು. ಸ್ಟಿಯರಿಂಗ್ ಕಂಬಕ್ಕೆ ಕೂರೋ ಕೋಲು, ಎಪ್ಪತ್ನಾಕರ ಟ್ರಕ್ಕಿಂದು. ನನ್ಹತ್ರ ಆಗ್ಲೂ ಇರ್ಲಿಲ್ಲ. ಅಬರ್ಡೀನ್‌ನಲ್ಲಿ ಒಬ್ಬನ ಹತ್ರ ಇದೆ, ಶನಿವಾರ ಬಾ, ತರ್ಸಿಟ್ಟಿರ್ತೀನಿ ಅಂದೆ. ತರ್ಸೂ ಇಟ್ಟೆ. ಶನಿವಾರ ಅವನ ಮಣ್ಣಿಗೆ ಹೋಗ್ಬಂದೆ."

"ಆ ಕೋಲು?"

"ಯಾರೋ ಒಯ್ದ್ರು. ಸತ್ತವನಿಗೆ ಅಂತ ಎತ್ತಿಡಕ್ಕಾಗುತ್ತಾ?" ಅಂದ ಮೇಲೆ ಆ ಮಾತು ಮುದುಕನಿಗೇ ಒರಟೆನಿಸಿರಬೇಕು. ಮೂಗೊರೆಸಿಕೊಂಡು ಕಿಟಕಿಯಾಚೆ ನೋಡಿದ. ಹೊರಗೆ ಆಂಬ್ರೋಸನ ನೀಲಿ ಟ್ರಕ್ಕು ನಿಂತಿತ್ತು. ಎರಡು ದಿನದ ಹಿಂದೆ, ಧಾನ್ಯದ ಗೋದಾಮಿನ ಮುಂದಿನ ಸಾಲಿನಲ್ಲಿ, ಅದರ ಗೇರಿನ ಕೋಲು ಲಟಕ್ಕನೆ ಮುರಿದು ಅವನ ಕೈಗೇ ಬಂದಿತ್ತು. ಕಂಬದಲ್ಲಿ ಉಳಿದ ಮೋಟಿಗೆ ದೊಡ್ಡ ಇಕ್ಕುಳ ಕಚ್ಚಿಸಿ ಅದನ್ನೇ ಹಿಡಿದು ಗೇರು ಹಾಕುತ್ತ ಇಲ್ಲಿಯವರೆಗೆ ಬಂದಿದ್ದ.

"ಇಕ್ಕುಳ ಹಿಡ್ಕೊಂಡು ಗಾಡಿ ಓಡ್ಸೋದು ನೋಡಿದ್ರೆ ಹಲ್ಲು ಕೀಳೋ ಡಾಕ್ಟರ್ ಕಂಡಂಗಾಗುತ್ತೆ ಮಾರಾಯ," ಅಂದ ಬಾಲ್ಜರ್. ಆಂಬ್ರೋಸ್ ನಗಲಿಲ್ಲ. ಮುದುಕ ದನಿ ತಗ್ಗಿಸಿದ. "ನೋಡು, ಆ ಕಾಲದ ಟ್ರಕ್ಕುಗಳ ಕೋಲು ಎಲ್ಲಾ ಖಾಲಿ. ಪಿನ್ನಿನ ತೂತು ಸವೆದು ಎಲ್ಲಾದೂ ಅದೇ ಜಾಗದಲ್ಲಿ ಸಾಯುತ್ತೆ. ಈ ಸುತ್ತಿನಲ್ಲಿ ಉಳಿದಿರೋದು ಒಂದೇ. ಎಲ್ಲಿದೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಹೋಗಿ ತಗೋ. ಗಾಡಿ ಏನು ಮಾಡುತ್ತೆ ಪಾಪ."

ಆಂಬ್ರೋಸ್ ಮುರಿದ ತುಂಡನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟ.

ಬಾಲ್ಜರ್ ಹೇಳಿದ ಟ್ರಕ್ಕು ವೆಂಡೆಲಿನ್‌ನ ಮನೆಯ ಹಿಂದೆ, ಗಾಳಿ ತಡೆಯಲೆಂದು ಅವರ ಅಪ್ಪ ನೆಟ್ಟ ಮರದ ಸಾಲಿನಲ್ಲಿ ಹದಿನಾಲ್ಕು ವರ್ಷದಿಂದ ನಿಂತಿತ್ತು. ಪ್ರತಿ ಹೊಲಮನೆಗೂ ಅಂಥದೊಂದು ಸಾಲು ಇರುತ್ತದೆ. ಕೆಟ್ಟ ಗಾಡಿಯನ್ನು ಯಾರೂ ಎಸೆಯುವುದಿಲ್ಲ, ಮರಗಳ ನಡುವೆ ಎಳೆದು ಬಿಡುತ್ತಾರೆ. ನೆರೆಯವನಿಗೆ ಏನಾದರೂ ಬೇಕಾದರೆ ತಾನೇ ಬಂದು ಬಿಚ್ಚಿಕೊಂಡು ಹೋಗುತ್ತಾನೆ. ಕೇಳುವ ರೂಢಿ ಇಲ್ಲ. ಹೋಗುವಾಗ ಗಾಜು ಏರಿಸಿ, ಹಿಮ ಒಳಗೆ ಬೀಳದಂತೆ ಬಾಗಿಲನ್ನು ಜೋರಾಗಿ ಹಾಕಿ ಹೋಗಬೇಕು, ಅಷ್ಟೇ ಕಟ್ಟಳೆ. ಯಾರಾದರೂ ತಂದುಕೊಟ್ಟ ಸಾಮಾನನ್ನು ಎಲ್ಲಿಂದ ತಂದೆ ಎಂದು ಕೇಳುವುದೂ ಇಲ್ಲ. ಕೊಟ್ಟವನು ಬದಲಿಗೆ ಕೆಟ್ಟುಹೋದದ್ದನ್ನು ಒಯ್ಯುತ್ತಾನೆ. ಅಲ್ಲಿಗೆ ಆ ಮಾತು ಮುಗಿಯಿತು.

ಆದರೆ ವೆಂಡೆಲಿನ್‌ನ ಟ್ರಕ್ಕಿನಿಂದ ಒಂದು ತಿರುಪನ್ನೂ ಯಾರೂ ಬಿಚ್ಚಿರಲಿಲ್ಲ.

ಅವನು ಸತ್ತದ್ದು ಗೋಧಿ ಕೊಯ್ಲಿನ ದಿನ. ವೆಂಡೆಲಿನ್ ಕಣಜದ ಬಾಯಿಯ ಹತ್ತಿರ, ಧಾನ್ಯ ಮೇಲೆತ್ತುವ ಯಂತ್ರದ ಮುಂದೆ ಬಗ್ಗಿ ನಿಂತಿದ್ದ. ಅವನ ಹೆಂಡತಿ ಲುಡ್ವಿನಾ ಟ್ರಕ್ಕನ್ನು ಹಿಮ್ಮುಖವಾಗಿ ತಂದು, ಅವನಿಂದ ದೂರದಲ್ಲೇ ನಿಲ್ಲಿಸಿ, ಇಂಜಿನ್ನು ಓಡುತ್ತಿರುವಂತೆಯೇ ಇಳಿದು ಬಾಗಿಲು ಹಾಕಿ, ಊಟದ ಡಬ್ಬಿ ತರಲು ಮನೆಯತ್ತ ನಡೆದಳು. ಟ್ರಕ್ಕು ಹಿಂದಕ್ಕೆ, ಅವನ ಮೇಲೆ ಸರಿಯಿತು. ಕಣಜದ ಇನ್ನೊಂದು ಬದಿಯಲ್ಲಿದ್ದ ಆಂಬ್ರೋಸ್ ಓಡಿಬಂದು ಒಳಗೆ ಹಾರಿ, ಗಾಡಿಯನ್ನು ಮುಂದಕ್ಕೆ ತೆಗೆದ. ಆಗಲೇ ತಡವಾಗಿತ್ತು. ಗೇರಿನ ಕೋಲನ್ನು ಎಳೆಯುವ ಮೊದಲು ಅವನ ಕಣ್ಣಿಗೆ ಬಿದ್ದದ್ದು ಒಂದೇ, ಗೇರು ತೋರಿಸುವ ಮುಳ್ಳು, ಗಾಡಿ ಕದಲದಂತೆ ಹಿಡಿಯುವ ಪಾರ್ಕಿನ ಮೇಲಲ್ಲ, ರಿವರ್ಸಿನ ಮೇಲಿತ್ತು.

"ನಾನು ಪಾರ್ಕಿಗೆ ಹಾಕಿದ್ದೆ," ಅಂದಿದ್ದಳು ಲುಡ್ವಿನಾ, ಸಂಜೆ ಶೆರಿಫ್ ಬಂದಾಗ. ಒಂದೇ ಸಲ.

"ರಿವರ್ಸಿನಲ್ಲಿತ್ತು," ಅಂದಿದ್ದ ಆಂಬ್ರೋಸ್. ಅವನೂ ಒಂದೇ ಸಲ. ಕಂಡದ್ದನ್ನೇ ಹೇಳಿದ್ದ.

ಅವಳನ್ನು ಯಾರೂ ದೂರಲಿಲ್ಲ, ಯಾರೂ ಕೂಗಾಡಲಿಲ್ಲ. ಆಂಬ್ರೋಸನ ತಾಯಿ ಸಾಯುವವರೆಗೂ ಅವಳ ಹೆಸರೆತ್ತಲಿಲ್ಲ. ಹಬ್ಬದ ದಿನ ಲುಡ್ವಿನಾ ತಂದ ಸಿಹಿರೊಟ್ಟಿ ಮೇಜಿನ ಮೇಲೆ ಇದ್ದ ಹಾಗೇ ಇರುತ್ತಿತ್ತು. ಅವಳು ಮತ್ತೆ ಯಾವ ಗಾಡಿಯ ಸ್ಟಿಯರಿಂಗ್ ಚಕ್ರವನ್ನೂ ಹಿಡಿಯಲಿಲ್ಲ. ಭಾನುವಾರ ಜಲ್ಲಿರಸ್ತೆಯಲ್ಲಿ ಇಗರ್ಜಿಗೆ ನಡೆದುಹೋಗುತ್ತಾಳೆ. ಹತ್ತಿಸಿಕೊಳ್ಳಲೆಂದು ಯಾರಾದರೂ ನಿಲ್ಲಿಸಿದರೆ ಕೈಬೀಸಿ ಮುಂದೆ ಕಳಿಸುತ್ತಾಳೆ. ಅವಳ ಹೊಲವನ್ನೂ ಉಳುತ್ತಿದ್ದ ಆಂಬ್ರೋಸ್ ಅವಳ ಮನೆಯ ಮುಂದೆ ದಿನಕ್ಕೆರಡು ಬಾರಿ ಹಾದುಹೋಗುತ್ತಿದ್ದ. ಒಳಗೆ ಹೋಗುತ್ತಿರಲಿಲ್ಲ.

ಇವತ್ತು ಹೋದ. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಲುಡ್ವಿನಾ ಸಬ್ಬಸಿಗೆ ಸೊಪ್ಪು ಹರಡಿಕೊಂಡು, ಉಪ್ಪುನೀರಿಗೆ ಹಾಕಲು ಕಲ್ಲಂಗಡಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು, ಆಂಬ್ರೋಸ್."

"ಕಂಡೆ. ಇಕ್ಕುಳದ ಗಾಡಿ ಅಂಗಳಕ್ಕೆ ಬಂದಾಗ್ಲೇ ಕಂಡೆ. ಊರೆಲ್ಲ ನಗ್ತಿದೆ ನಿನ್ನ ನೋಡಿ."

"ಅದಕ್ಕೇ ಬಂದೆ. ಅಣ್ಣನ ಟ್ರಕ್ಕಿಂದ ಒಂದು ಸಾಮಾನು ಬೇಕಿತ್ತು."

"ಯಾವುದು?"

"ಗೇರಿನ ಕೋಲು."

ಚಾಕು ನಿಂತಿತು. ಅವಳ ಬೆರಳುಗಳ ನಡುವಿನಿಂದ ಕೆಂಪು ನೀರು ಹಲಗೆಯ ಅಂಚಿಗೆ ಹರಿಯಿತು.

"ಅಷ್ಟು ದೊಡ್ಡ ಗಾಡೀಲಿ ನಿಂಗೆ ಬೇಕಾಗಿದ್ದು ಅದೇನಾ?" ಅಂದಳು. "ತಗೊಂಡೋಗು. ನನ್ನ ಯಾಕೆ ಕೇಳ್ತೀಯ? ಯಾರ ಸಾಲಿನಲ್ಲಾದ್ರೂ ಕೇಳಿ ಬಿಚ್ಚಿದೀಯಾ ನೀನು? ಅವನನ್ನ ಕೊಂದವಳಿಗೆ ಅವನ ಗಾಡಿ ಮೇಲೆ ಎಂಥ ಹಕ್ಕು."

"ಹಾಗಂತ ಯಾರೂ ಅಂದಿಲ್ಲ, ಲುಡ್ವಿನಾ."

"ಅಂದಿಲ್ಲ. ಅಂದಿದ್ರೆ ನಾನೂ ಒಂದು ಮಾತು ತಿರುಗಿಸಿ ಅನ್ನಬಹುದಿತ್ತು."

ಚಾಕು ಮತ್ತೆ ಆಡತೊಡಗಿತು. ಅವನು ಹಿತ್ತಲಿಗೆ ಹೋದ.

ಬಾಗಿಲು ಬಲವಾಗಿ ಎಳೆದ ಮೇಲೆಯೇ ತೆರೆಯಿತು. ಒಳಗೆ ಇಲಿಗೂಡಿನ ವಾಸನೆ, ಬಿಸಿಲಿಗೆ ಸೀಳಿದ ಆಸನ, ಕಂದುಬಣ್ಣದ ಸ್ಟಿಯರಿಂಗ್ ಕಂಬ. ಚಕ್ರದ ಬಲಕ್ಕೆ ಗೇರಿನ ಕೋಲು. ಅದಕ್ಕೆ ತುದಿಯವರೆಗೆ ಕಪ್ಪು ಬಟ್ಟೆಯ ಟೇಪು ಸುತ್ತಿತ್ತು. ಅಣ್ಣ ಇದಕ್ಕೆ ಟೇಪು ಯಾವಾಗ ಸುತ್ತಿದ? ಆಂಬ್ರೋಸನಿಗೆ ನೆನಪಿದ್ದದ್ದು ಕಂಬದಂತೆಯೇ ಕಂದಾದ, ಬರಿಯ ಕೋಲು. ಅದನ್ನು ಹಿಡಿದು ತನ್ನತ್ತ ಎತ್ತಿ ನೋಡಿದ. ಬೀಳಲಿರುವ ಹಲ್ಲಿನಂತೆ ಆಡುತ್ತಿತ್ತು. ಪಾರ್ಕಿಗೆ ಒಯ್ದು ಬಿಟ್ಟ, ನಿಂತಿತು. ಮುಳ್ಳೂ ಪಾರ್ಕಿನ ಮೇಲೇ ಬಂದು ನಿಂತಿತು. ಸುತ್ತಿಗೆ ಮತ್ತು ಮೊಳೆ ತನ್ನ ಟ್ರಕ್ಕಿನಲ್ಲಿದ್ದವು. ತರಲು ಇಳಿದು, ರೂಢಿಯಂತೆ ಬಾಗಿಲನ್ನು ಜೋರಾಗಿ ಹಾಕಿಕೊಂಡು ಹೋದ.

ತಿರುಗಿ ಬಂದು ಗಾಜಿನೊಳಗೆ ನೋಡಿದರೆ ಮುಳ್ಳು ರಿವರ್ಸಿನ ಮೇಲಿತ್ತು.

ನಾನೇ ಸರಿಯಾಗಿ ಹಾಕಿರಲಿಲ್ಲ ಅಂದುಕೊಂಡ.

ಅಂದುಕೊಂಡ ಮಾತು ತನ್ನ ಕಿವಿಗೇ ಕೇಳಿದಂತಾಗಿ ಅಲ್ಲೇ ನಿಂತುಬಿಟ್ಟ. ಸರಿಯಾಗಿ ಹಾಕಿರಲಿಲ್ಲ. ಈ ಮಾತು ಅವರ ಮನೆಯಲ್ಲಿ ಎಷ್ಟು ವರ್ಷದಿಂದ ಊಟದ ಮೇಜಿನ ಸುತ್ತ ಕೂತಿತ್ತು! ಯಾರೂ ಆಡದೆ, ಎಲ್ಲರೂ ಕೇಳಿಸಿಕೊಂಡು.

ಮತ್ತೆ ಹತ್ತಿದ. ಕೋಲನ್ನು ಎತ್ತಿ, ಪಾರ್ಕಿಗೆ ಒಯ್ದು, ಕಣ್ಣಿಟ್ಟು ನೋಡಿ, ಕೈಬಿಟ್ಟ. ಇಳಿದ. ಬಾಗಿಲು ಹಾಕಿದ. ಒಳಗಿನಿಂದ ಟಕ್ ಎಂದು ಸಣ್ಣ ಸದ್ದು. ಮುಳ್ಳು ರಿವರ್ಸಿಗೆ ಜಾರಿತ್ತು. ಮತ್ತೆ ಹತ್ತಿದ. ಈ ಸಲ ಪಾರ್ಕಿನಲ್ಲಿ ಒತ್ತಿ ಹಿಡಿದು, ಅದು ಅಲ್ಲಿಯೇ ಇದೆ ಎಂದು ಮಗುವಿಗೆ ಹೇಳುವಂತೆ ತನಗೇ ಹೇಳಿಕೊಂಡು ಇಳಿದ. ಬಾಗಿಲು ಹಾಕಿದ. ಟಕ್.

ಎಷ್ಟು ಸಲ ಹಾಗೆ ಮಾಡಿದನೋ ಗೊತ್ತಿಲ್ಲ. ಮರದ ಮೇಲಿನ ಹಕ್ಕಿಗಳು ಪ್ರತಿ ಸದ್ದಿಗೂ ಹಾರಿ, ಕೊನೆಗೆ ಹಾರುವುದನ್ನೇ ಬಿಟ್ಟವು. ಗಾಳಿ ಬೀಸುತ್ತಿತ್ತು, ಅದರ ಸದ್ದು ಕೇಳಿಸುತ್ತಿರಲಿಲ್ಲ. ಅವಳು ಪಾರ್ಕಿಗೆ ಹಾಕಿದ್ದಳು. ಒಬ್ಬಳೇ ನಿಂತು, ಒಂದು ಸಲ, ಅದನ್ನೇ ಹೇಳಿದ್ದಳು.

ಮೊಳೆಯಿಟ್ಟು ಪಿನ್ನನ್ನು ಹೊಡೆದು ತೆಗೆದು, ಕೋಲನ್ನು ಕಂಬದಿಂದ ಹೊರಗೆಳೆದ. ಪಿನ್ನಿನ ತೂತು ಮೊಟ್ಟೆಯಂತೆ ಉದ್ದವಾಗಿ ಸವೆದಿತ್ತು. ಸಡಿಲ ತುಂಬಲು ಅದರೊಳಗೆ ತಗಡಿನ ಒಂದು ಚೂರನ್ನು ಮಡಿಸಿ ತುರುಕಿದ್ದರು. ಬಿಡಿಸಿ ನೋಡಿದ. ವೆಂಡೆಲಿನ್ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಹೊಗೆಸೊಪ್ಪಿನ ಡಬ್ಬಿಯ ಮುಚ್ಚಳದ ಚೂರು. ಹಾಗಾದರೆ ಬಾಲ್ಜರ್ ಹೇಳಿದ್ದು ನಿಜ. ಕೋಲು ಕೆಟ್ಟದ್ದು ಅಣ್ಣನಿಗೆ ಗೊತ್ತಿತ್ತು. ಶನಿವಾರದವರೆಗೆ ತಡೆಯಲಿ ಎಂದು ತಗಡು ತುರುಕಿದ್ದ.

ಚೆನ್ನಾಗಿದ್ದ ಕೋಲು ಒಂದೇ ಬೇಸಿಗೆಯಲ್ಲಿ ಇಷ್ಟು ಸವೆಯುವುದು ಹೇಗೆ?

ಟೇಪನ್ನು ಉಗುರಿನಿಂದ ಎಬ್ಬಿಸಿದ. ಒಣಗಿ ಗಟ್ಟಿಯಾದ ಬಟ್ಟೆ ತೊಗಟೆಯಂತೆ ಎದ್ದುಬಂತು. ಕೆಳಗೆ ಕಂದುಬಣ್ಣವಿರಲಿಲ್ಲ. ನೀಲಿ ಇತ್ತು. ಅವನು ಬೇಗ ಬೇಗ ಸುತ್ತು ಬಿಚ್ಚಿದ. ತುದಿಯ ಗುಂಡಿನ ಮೇಲೆ ದಪ್ಪಗೆ, ಓರೆಕೋರೆಯಾಗಿ, ಕೆಂಪು ಉಗುರುಬಣ್ಣ ಬಳಿದಿತ್ತು.

ಆಂಬ್ರೋಸ್ ಗಾಡಿಯ ಮೆಟ್ಟಿಲ ಮೇಲೆ ಕೂತ.

ಆ ಬಣ್ಣ ಬಳಿದವಳು ಅವನ ಮಗಳು ರೋಸಿನಾ. ಆಗ ಅವಳಿಗೆ ನಾಲ್ಕು ವರ್ಷ. ಅಮ್ಮನ ಉಗುರುಬಣ್ಣ ಕದ್ದು, ಅವನ ನೀಲಿ ಟ್ರಕ್ಕಿನಲ್ಲಿ ಕೂತು, ಗೇರಿನ ಕೋಲಿನ ತುದಿಗೆ ಹಚ್ಚಿ, "ಅಪ್ಪಾ, ಗಾಡಿಗೂ ಉಗುರು," ಅಂದಿದ್ದಳು. ಅದೇ ವರ್ಷ ಅವಳ ಮೂತ್ರಪಿಂಡ ಕೆಟ್ಟು ವಾರವಾರವೂ ಬಿಸ್ಮಾರ್ಕಿನ ಆಸ್ಪತ್ರೆಗೆ ಒಯ್ಯಬೇಕಾಗಿತ್ತು. ಓಡುವ ಗಾಡಿಯೆಂದರೆ ಆ ಟ್ರಕ್ಕು ಒಂದೇ. ಅದರ ಕೋಲೋ ಸವೆದು, ಎಲ್ಲೆಂದರಲ್ಲಿ ಜಾರುತ್ತಿತ್ತು. ಒಮ್ಮೆ ಆಸ್ಪತ್ರೆಯ ಬಾಗಿಲಲ್ಲೇ, ಮಗುವನ್ನು ಇಳಿಸುವಾಗ, ಗಾಡಿ ಹಿಂದಕ್ಕೆ ಉರುಳಿತ್ತು. ಅದನ್ನು ವೆಂಡೆಲಿನ್‌ಗೆ ಹೇಳಿದ್ದ.

ಮರುದಿನ ಬೆಳಿಗ್ಗೆಯೇ ಅಣ್ಣ ಬಂದಿದ್ದ. ಕೈಯಲ್ಲಿ ಒಂದು ಕೋಲು, ಹೊಸದಾಗಿ ಕರಿಬಣ್ಣ ಹಚ್ಚಿದ್ದು, ಇನ್ನೂ ಬೆರಳಿಗೆ ಅಂಟುತ್ತಿತ್ತು. "ತಗೋ, ಒಂದು ಸಿಕ್ತು," ಅಂದಿದ್ದ. ಎಲ್ಲಿ ಸಿಕ್ಕಿತು ಎಂದು ಆಂಬ್ರೋಸ್ ಕೇಳಲಿಲ್ಲ, ಕೇಳುವುದಿಲ್ಲವಲ್ಲ. ಇಬ್ಬರೂ ಕೂಡಿ ಅದನ್ನು ಕೂರಿಸಿದರು. ಹೋಗುವಾಗ ವೆಂಡೆಲಿನ್ ಹಳೆಯದನ್ನು ಕಂಕುಳಲ್ಲಿ ಇಟ್ಟುಕೊಂಡು, "ಇದನ್ನ ಗುಜರಿಗೆ ಹಾಕ್ತೀನಿ, ನೀನು ಮಗು ನೋಡ್ಕೋ," ಅಂದಿದ್ದ.

ಜೇಬಿನಿಂದ ಮುರಿದ ತುಂಡು ತೆಗೆದ. ಹದಿನಾಲ್ಕು ವರ್ಷ ದಿನವೂ ಕೈಯಿಟ್ಟ ಕೋಲು. ಮುರಿದ ಅಂಚಿನಲ್ಲಿ ಕರಿಬಣ್ಣವನ್ನು ಮೊಳೆಯಿಂದ ಕೆರೆದ. ಕೆಳಗಿನಿಂದ ಕಂದುಬಣ್ಣ ಹೊರಬಂತು. ಕತ್ತೆತ್ತಿ ಅಣ್ಣನ ಸ್ಟಿಯರಿಂಗ್ ಕಂಬ ನೋಡಿದ, ತುಂಡು ನೋಡಿದ. ಅದೇ ಕಂದು.

ಅಣ್ಣನಿಗೆ ಅದು ಸಿಕ್ಕಿದ್ದು ತನ್ನದೇ ಗಾಡಿಯಲ್ಲಿ. ಗುಜರಿಗೆಂದು ಒಯ್ದ ಕೆಟ್ಟ ಕೋಲನ್ನು ಅಲ್ಲಿ ಹಾಕಿಕೊಂಡಿದ್ದ.

ತುಂಬ ಹೊತ್ತು ಆಂಬ್ರೋಸನಿಗೆ ಏನನ್ನೂ ಯೋಚಿಸಲಾಗಲಿಲ್ಲ. ಒಂದು ಯೋಚನೆ ಬರುತ್ತಿತ್ತು, ಅರ್ಧದಲ್ಲೇ ಕಡಿದುಹೋಗುತ್ತಿತ್ತು. ಲುಡ್ವಿನಾ ತಪ್ಪು ಮಾಡಿರಲಿಲ್ಲ, ಅದು ಒಂದು. ಅದನ್ನು ಹಿಡಿದುಕೊಂಡು ಈಗಲೇ ಎದ್ದು ಓಡಬೇಕೆನಿಸುತ್ತಿತ್ತು. ಏಳಹೋದರೆ ಕೆಂಪು ಗುಂಡು ಕಾಣುತ್ತಿತ್ತು. ಆ ಬೇಸಿಗೆಯೆಲ್ಲ ಅವನು ನಿಶ್ಚಿಂತೆಯಿಂದ ಬಿಸ್ಮಾರ್ಕಿಗೆ ಹೋಗಿಬಂದ. ಗಾಡಿ ನಿಲ್ಲಿಸಿದಲ್ಲಿ ನಿಂತಿತು. ಮಗಳು ಬದುಕಿದಳು. ಈಗ ಲಿಂಟನ್ನಿನಲ್ಲಿ ಬೀಜದ ಅಂಗಡಿ ನೋಡಿಕೊಳ್ಳುತ್ತಾಳೆ, ನಕ್ಕರೆ ಬೀದಿಯ ಆಚೆಗೆ ಕೇಳುತ್ತದೆ. ದೊಡ್ಡಪ್ಪನ ಗೋರಿಗೆ ಪ್ರತಿ ವರ್ಷ ಹೂ ಒಯ್ಯುವವಳೂ ಅವಳೇ.

ಎಲ್ಲವನ್ನೂ ಹೇಳಬೇಕು. ಇಷ್ಟನ್ನು ಹೇಳಿ ಅಷ್ಟನ್ನು ಬಿಡುವುದು ಯಾವ ನ್ಯಾಯ? ಎದ್ದ. ಕೋಲನ್ನು ಕೈಯಲ್ಲಿ ಹಿಡಿದು ಮನೆಯ ಕಡೆ ನಡೆದ. ಅಂಗಳದ ನಡುವೆ ನಿಂತ. ಅಡುಗೆಮನೆಯ ಕಿಟಕಿಯಲ್ಲಿ ಲುಡ್ವಿನಾಳ ಬಗ್ಗಿದ ತಲೆ ಕಾಣುತ್ತಿತ್ತು. ನಾಲ್ಕು ವರ್ಷದ ಮಗುವಿನ ಉಗುರುಬಣ್ಣವನ್ನು ಅವಳ ಕೈಗೆ ಹೇಗೆ ಕೊಡುವುದು? ಕೊಟ್ಟರೆ ಅವಳು ಏನು ಮಾಡಿಯಾಳು? ಕ್ಷಮಿಸಿಯಾಳು. ಹಾಗೆ ಮಾಡಿದರೆ ಅದನ್ನೂ ಹೊತ್ತುಕೊಂಡು ಅವಳೇ ನಡೆಯಬೇಕು, ಜಲ್ಲಿರಸ್ತೆಯಲ್ಲಿ, ಒಬ್ಬಳೇ. ಹೀಗೆಲ್ಲ ಯೋಚಿಸಿದ್ದು ಅವಳ ಮೇಲಿನ ಕರುಣೆಯಿಂದಲೋ ತನ್ನ ಹೇಡಿತನದಿಂದಲೋ, ಅವನಿಗೆ ಆಗಲೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ.

ತಿರುಗಿ ಹೋಗಿ, ಹಳೆಯ ಟೇಪನ್ನೇ ಕೋಲಿಗೆ ಮತ್ತೆ ಸುತ್ತಿದ. ಹರಿದಲ್ಲಿ ತನ್ನ ಟ್ರಕ್ಕಿನಲ್ಲಿದ್ದ ಟೇಪು ಹಾಕಿದ. ತಗಡಿನ ಚೂರನ್ನು ಹಾಗೇ ಮಡಿಸಿ ತುರುಕಿ, ಪಿನ್ನು ಹೊಡೆದು, ಕೋಲನ್ನು ಕಂಬಕ್ಕೆ ಕೂರಿಸಿದ. ಆಮೇಲೆ ಹೋಗಿ ಬಾಗಿಲಲ್ಲಿ ನಿಂತ.

"ಲುಡ್ವಿನಾ, ಒಂದ್ಸಲ ಹೊರಗೆ ಬಾ."

"ಸಿಗ್ಲಿಲ್ವಾ?"

"ಬಾ, ತೋರಿಸ್ತೀನಿ."

ಅವನ ಮುಖ ನೋಡಿ ಅವಳು ಮರುಮಾತಾಡದೆ ಕೈ ಒರೆಸಿಕೊಂಡು ಬಂದಳು. ಮರದ ಸಾಲು ಹತ್ತಿರವಾದಂತೆ ಹೆಜ್ಜೆ ಚಿಕ್ಕದಾಯಿತು. ಟ್ರಕ್ಕಿನಿಂದ ದೂರದಲ್ಲೇ ನಿಂತಳು.

"ಹತ್ತು," ಅಂದ.

"ಹುಚ್ಚು ಹಿಡಿದಿದೆಯಾ ನಿಂಗೆ?"

"ಹತ್ತಿ ಪಾರ್ಕಿಗೆ ಹಾಕು. ಆಮೇಲೆ ಇಳ್ದು ಬಾಗಿಲು ಹಾಕು. ಇನ್ನೇನೂ ಕೇಳಲ್ಲ."

"ಆಂಬ್ರೋಸ್, ನನ್ನ ಇಲ್ಲಿಗೆ ಕರ್ಕೊಂಡು ಬಂದು..."

"ನಿನ್ನ ಕಾಲಿಗೆ ಬೀಳ್ತೀನಿ. ಒಂದ್ಸಲ."

ಅವಳು ಹತ್ತಿದಳು. ಚಕ್ರವನ್ನು ಮುಟ್ಟದೆ, ಬಲಗೈಯಿಂದ ಕೋಲನ್ನಷ್ಟೇ ಹಿಡಿದು ಪಾರ್ಕಿಗೆ ಒಯ್ದಳು. ಕೈ ತೆಗೆದಳು. ಮುಳ್ಳನ್ನು ನೋಡಿದಳು. ಇಳಿದಳು. ಬಾಗಿಲು ಹಾಕಿದಳು.

ಟಕ್.

ಅವಳು ಗಾಜಿಗೆ ಮುಖವಿಟ್ಟು ನೋಡಿದಳು. ತುಂಬ ಹೊತ್ತು ಹಾಗೇ ಇದ್ದಳು. ಅವಳ ಉಸಿರಿಗೆ ಗಾಜು ಮಂಜಾಯಿತು, ಏಪ್ರನ್ನಿನ ಅಂಚಿನಿಂದ ಒರೆಸಿ ಮತ್ತೆ ನೋಡಿದಳು. ಆಮೇಲೆ ಬಾಗಿಲು ತೆಗೆದು ಹತ್ತಿ ಪಾರ್ಕಿಗೆ ಹಾಕಿ ಇಳಿದು ಬಾಗಿಲು ಹಾಕಿದಳು. ಮತ್ತೆ. ಮತ್ತೆ. ಅವನು ತಡೆಯಲಿಲ್ಲ. ಕೊನೆಯ ಸಲ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ಬದಿಯ ಕನ್ನಡಿ ಕಳಚಿ ಹುಲ್ಲಿಗೆ ಬಿತ್ತು.

"ನಾನು ಹಾಕಿದ್ದೆ," ಅಂದಳು.

"ಹೂಂ."

"ನಾನು ಹಾಕಿದ್ದೆ ಕಣೋ! ಎಷ್ಟೋ ರಾತ್ರಿ ನಂಗೇ ಅನುಮಾನ ಬರ್ತಿತ್ತು. ಹಾಕಿದ್ನಾ, ಹಾಕಿದ್ದೆ ಅಂತ ಅಂದ್ಕೊಂಡ್ನಾ? ನನ್ನ ಕೈಯನ್ನ ನಾನೇ ನಂಬದ ಹಾಗಾಗಿತ್ತು. ನೀವೆಲ್ಲ ಸೇರಿ..." ಹುಲ್ಲಿನ ಮೇಲೆ ಕೂತಳು. ಆಂಬ್ರೋಸನೂ ಅಷ್ಟು ದೂರದಲ್ಲಿ ಕೂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆಚೆ ಹೊಲದಲ್ಲಿ ಸೂರ್ಯಕಾಂತಿಗಳು ಕಪ್ಪಾಗಿ ತಲೆ ಬಗ್ಗಿಸಿ ನಿಂತಿದ್ದವು.

ಅವಳು ಬೇರೆಯೇ ದನಿಯಲ್ಲಿ ಅಂದಳು: "ಆ ಬೇಸಿಗೆಯೆಲ್ಲ ಈ ಗಾಡಿ ಮುಟ್ಟೋಕೆ ಬಿಟ್ಟಿರ್ಲಿಲ್ಲ ನನ್ನ. ನಾನೇ ಓಡಿಸ್ತೀನಿ, ನಾನೇ ಓಡಿಸ್ತೀನಿ ಅಂತಿದ್ದ. ಏನು ಜಿಪುಣತನವೋ ಅಂತ ಬಯ್ದಿದ್ದೆ. ಅವತ್ತು ಕೆಲ್ಸದ ಗಡಿಬಿಡೀಲಿ ಮರ್ತನೋ ಏನೋ, ಟ್ರಕ್ಕು ತಗೊಂಬಾ ಅಂತ ಅವನೇ ಕೂಗಿದ. ಗೊತ್ತಿತ್ತು ಅಲ್ವಾ ಅವನಿಗೆ?"

"ಗೊತ್ತಿತ್ತು. ಹೊಸದು ಬೇಕು ಅಂತ ಬಾಲ್ಜರ್‌ಗೆ ಹೇಳಿದ್ನಂತೆ. ಶನಿವಾರ ಬರೋದಿತ್ತು."

"ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? 'ಲುಡ್ವಿನಾ, ಕೋಲು ಸಡಿಲ ಇದೆ' ಅಂತ. ಅಷ್ಟೇ ತಾನೇ? ನಿಮ್ಮ ಮನೆ ಗಂಡಸರ ಬಾಯಿಗೆ ಏನು ಹೊಲಿಗೆ ಹಾಕಿರ್ತಾರೋ." ಆಮೇಲೆ ಹುಬ್ಬು ಗಂಟಿಕ್ಕಿದಳು. "ಆದ್ರೆ ಅದಕ್ಕೆ ಮೊದ್ಲು ನಾನೂ ಓಡಿಸಿದ್ನಲ್ಲ. ಆಗ ಚೆನ್ನಾಗೇ ಇತ್ತಲ್ಲ ಇದು. ಇದ್ದಕ್ಕಿದ್ದಂಗೆ ಹೇಗೆ ಹೀಗಾಯ್ತು?"

ಆಂಬ್ರೋಸನ ಕೈ ಜೇಬಿನಲ್ಲಿತ್ತು. ಕಂದುಬಣ್ಣ ಕೆರೆದ ಅಂಚು ಹೆಬ್ಬೆರಳಿಗೆ ಒತ್ತುತ್ತಿತ್ತು.

"ಕಬ್ಬಿಣ ಅಲ್ವಾ," ಅಂದ. "ಸವೆಯುತ್ತೆ."

ಆ ಭಾನುವಾರ ಪೂಜೆ ಮುಗಿದ ಮೇಲೆ, ಇಗರ್ಜಿಯ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಹಿಡಿದು ಕೂತಿದ್ದಾಗ, ಆಂಬ್ರೋಸ್ ಎದ್ದು ನಿಂತ. ಜನ್ಮದಲ್ಲಿ ಹತ್ತು ಜನರ ಮುಂದೆ ಮಾತಾಡಿದವನಲ್ಲ. ಹರಟೆ ತಾನಾಗಿ ನಿಂತಿತು.

"ಅವತ್ತು ಗಾಡಿ ರಿವರ್ಸಿನಲ್ಲಿತ್ತು ಅಂದೋನು ನಾನು," ಅಂದ. "ಇತ್ತು. ಆದ್ರೆ ಲುಡ್ವಿನಾ ಪಾರ್ಕಿಗೇ ಹಾಕಿದ್ಲು. ಕೋಲು ಕೆಟ್ಟಿತ್ತು, ಬಾಗಿಲು ಹಾಕಿದ್ರೆ ಬೀಳ್ತಿತ್ತು. ಈಗ್ಲೂ ಬೀಳುತ್ತೆ. ಗಾಡಿ ಅಲ್ಲೇ ಇದೆ. ನಂಬದೋರು ಹೋಗಿ ನೋಡಿ."

ಯಾರದೋ ಬಟ್ಟಲು ತಟ್ಟೆಗೆ ತಾಗಿ ಕಿಣಿ ಎಂದಿತು. ಮೂಲೆಯ ಕುರ್ಚಿಯಲ್ಲಿ ಲುಡ್ವಿನಾ ನೇರವಾಗಿ ಕೂತಿದ್ದಳು, ಯಾರನ್ನೂ ನೋಡದೆ.

ಮಧ್ಯಾಹ್ನ ಮೊದಲು ಒಂದು ಗಾಡಿ ಅವಳ ಅಂಗಳಕ್ಕೆ ತಿರುಗಿತು. ಆಮೇಲೆ ಇನ್ನೊಂದು. ಸಂಜೆಯಾಗುವಷ್ಟರಲ್ಲಿ ರಸ್ತೆಯವರೆಗೆ ಗಾಡಿಗಳು ನಿಂತವು. ಒಬ್ಬೊಬ್ಬನಾಗಿ ಗಂಡಸರು ಮರದ ಸಾಲಿಗೆ ಹೋಗಿ, ಹತ್ತಿ, ಪಾರ್ಕಿಗೆ ಹಾಕಿ, ಇಳಿದು, ಬಾಗಿಲು ಹಾಕಿ, ಗಾಜಿನೊಳಗೆ ಬಗ್ಗಿ ನೋಡುತ್ತಿದ್ದರು. ಬಾಗಿಲು ಬಡಿಯುವ ಸದ್ದು ಹೊಲಗಳ ಮೇಲೆ ಹೊತ್ತಿಡೀ ಕೇಳುತ್ತಿತ್ತು. ಕೆಲವರು ಎರಡೆರಡು ಸಲ ಮಾಡಿದರು. "ನಾನು ಒತ್ತಿ ಹಿಡಿದೇ ಹಾಕ್ದೆ ಮಾರಾಯ, ಆದ್ರೂ ಬಿತ್ತು," ಅಂದ ಒಬ್ಬ, ದೆವ್ವ ಕಂಡವನಂತೆ. ಅವರ ಹೆಂಡಿರು ಅಡುಗೆಮನೆಯ ಬಾಗಿಲಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಲುಡ್ವಿನಾ ಹೊಸ ಉಪ್ಪಿನಕಲ್ಲಂಗಡಿಯನ್ನು ತಟ್ಟೆಗೆ ಹಾಕಿ ಮೇಜಿನ ಮೇಲಿಟ್ಟಳು. ಈ ಸಲ ತಟ್ಟೆ ಖಾಲಿಯಾಯಿತು.

ಕೊನೆಗೆ ಬಂದವನು ಬಾಲ್ಜರ್. ಟೋಪಿ ತೆಗೆದು ಒಳಗೆ ಕೂತ. ಬಾಗಿಲು ಹಾಕುವ ಆಟ ಆಡಲಿಲ್ಲ. ಕೋಲಿನ ಬುಡವನ್ನು ಕಣ್ಣಿಗೆ ಹತ್ತಿರ ಮಾಡಿ ನೋಡಿದ, ಹಳೆಯ ಟೇಪಿನ ನಡುವಿನ ಹೊಸ ಟೇಪಿನ ಮೇಲೆ ಬೆರಳಾಡಿಸಿದ. ಕಂದು ಕಂಬವನ್ನು ನೋಡಿದ. ಆಮೇಲೆ ಹೊರಗೆ ನಿಂತ ಆಂಬ್ರೋಸನನ್ನು ನೋಡಿದ. ಏನೋ ಕೇಳಲು ಬಾಯಿ ತೆರೆದ. ಎಲ್ಲಿಂದ ಬಂತೆಂದು ಕೇಳುವ ಪದ್ಧತಿ ಇಲ್ಲ. ಬಾಯಿ ಮುಚ್ಚಿದ.

"ಒಂದು ಹುಡುಕ್ತೀನಿ ನಿಂಗೆ," ಅಂದ, ಇಳಿಯುತ್ತ.

ಮುದುಕ ಎಲ್ಲೆಲ್ಲಿಗೆ ಫೋನು ಮಾಡಿದನೋ. ಮೊದಲ ಹಿಮ ಬೀಳುವ ಹೊತ್ತಿಗೆ ಒಂದು ಕೋಲು ಬಂತು. ಬೇರೆ ಸೀಮೆಯ ಯಾರದೋ ಮರದ ಸಾಲಿನದು, ಪಿನ್ನಿನ ತೂತು ಗುಂಡಗೆ, ಹೊಸದರಂತೆ. ಆಂಬ್ರೋಸ್ ಅದನ್ನು ಒಯ್ದು ವೆಂಡೆಲಿನ್‌ನ ಟ್ರಕ್ಕಿಗೆ ಕೂರಿಸಿದ. ಟೈರು, ಬ್ಯಾಟರಿ, ಬ್ರೇಕು ಎಲ್ಲ ಹೊಸದು ಹಾಕಿದ. ಟೇಪು ಸುತ್ತಿದ ಕೋಲನ್ನು ರೂಢಿಯಂತೆ ತಾನು ಒಯ್ದ. ಅದನ್ನು ಎಲ್ಲಿಟ್ಟನೆಂದು ಅವನ ಹೆಂಡತಿಗೂ ತಿಳಿಯದು.

ಲುಡ್ವಿನಾ ಮೊದಲ ಕೆಲವು ವಾರ ಅಂಗಳದಲ್ಲೇ ಸುತ್ತು ಹೊಡೆದಳು. ಕ್ರಿಸ್ಮಸ್ಸಿಗೆ ಟ್ರಕ್ಕಿನಲ್ಲೇ ಇಗರ್ಜಿಗೆ ಬಂದಳು. ನಿಲ್ಲಿಸಿ, ಇಳಿದು, ಬಾಗಿಲು ಹಾಕಿ, ಗಾಜಿನೊಳಗೆ ಬಗ್ಗಿ ಮುಳ್ಳನ್ನು ನೋಡಿಯೇ ಮೆಟ್ಟಿಲು ಹತ್ತಿದಳು. ಈಗಲೂ ಹಾಗೇ ನೋಡುತ್ತಾಳೆ.

ಆಂಬ್ರೋಸ್ ಇಂದಿಗೂ ಇಕ್ಕುಳ ಹಿಡಿದೇ ಓಡಿಸುತ್ತಾನೆ. ಜನ ನಗುವುದನ್ನು ಬಿಟ್ಟಿಲ್ಲ.

"ನಂಗೆ ಹುಡುಕಿಸಿ ಕೊಟ್ಟೆ, ನಿಂಗೊಂದು ಹುಡುಕ್ಕೊಳ್ಳೋಕೆ ಏನು ದಾಡಿ?" ಅಂತ ಲುಡ್ವಿನಾ ಒಮ್ಮೆ ಕೇಳಿದಳು. "ಮುರಿದುಹೋಯ್ತಲ್ಲ, ಆ ಕೋಲು ಎಷ್ಟು ವರ್ಷ ಬಾಳಿಕೆ ಬಂತು ನಿಂಗೆ! ಅಂಥದ್ದೇ ಒಂದು ನೋಡು."

"ಅಂಥದ್ದು ಸಿಗಲ್ಲ," ಅಂದ ಆಂಬ್ರೋಸ್.

ಅದು ಅವಳ ಗಂಡನ ಟ್ರಕ್ಕಿನ ಕೋಲೆಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.